ಅಘನಾಶಿನಿಯ ಬೆನ್ನು ಹಿಡಿದು

ಯಲ್ಲಾಪುರ ಬಿಡುವಾಗ ಡಿಸೆಂಬರಿನ ಮಂಜು ಇನ್ನೂ ಕರಗಿರಲಿಲ್ಲ. ಹೆದ್ದಾರಿಯ ಮೇಲೆ ಲಾರಿಗಳು ದೀಪ ಹಾಕಿಕೊಂಡೇ ಓಡುತ್ತಿದ್ದವು. ಶಮೀಮಾ ತನ್ನ ಅಕ್ಕನ ಮಗನ ಗೇರ್ ಇರುವ ಸೈಕಲ್ಲಿನ ಮೇಲೆ ಆಗಲೇ ಕೂತು, ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು, ನಮ್ಮ ಗೇಟಿನ ಮುಂದೆ ಬೆಲ್ಲು ಬಾರಿಸುತ್ತಿದ್ದಳು. ನನ್ನದು ಧಾರವಾಡದಲ್ಲಿ ಓದುವ ಮಗಳು ಬಿಟ್ಟುಹೋದ ಸೈಕಲ್ಲು. ಸೀಟು ಎತ್ತರವಾಯಿತೆಂದು ಹಿಂದಿನ ದಿನ ಇಳಿಸಲು ಹೋದರೆ ನಟ್ಟು ತುಕ್ಕು ಹಿಡಿದು ಕದಲಿರಲಿಲ್ಲ. ಕಾಲ್ಬೆರಳ ತುದಿಯಲ್ಲೇ ಪೆಡಲ್ ತುಳಿಯುತ್ತ ಹೊರಟೆ.

ಶಮೀಮಾ ನನ್ನ ಹೈಸ್ಕೂಲಿನ ಗೆಳತಿ. ಅಪ್ಪ ಕಟ್ಟಿದ ಲಾರಿ ವ್ಯವಹಾರವನ್ನು ಈಗ ಅವಳೂ ಅವಳ ತಮ್ಮನೂ ನೋಡಿಕೊಳ್ಳುತ್ತಾರೆ. ಹರೆಯದಲ್ಲಿ ಕುಮಟೆಯ ಕಡೆ ಹೋದಾಗ ಅಘನಾಶಿನಿ ಸಮುದ್ರ ಸೇರುವುದನ್ನು ನೋಡಿದ್ದಳಂತೆ. ಸಿರಸಿಯಲ್ಲಿ ಕೈಕಾಲು ತೊಳೆಯುವ ಹಳ್ಳವೇ ಅಲ್ಲಿ ಅಷ್ಟಗಲದ ನದಿಯಾಗುವುದು ಹೇಗೆ ಎಂಬುದು ಅವಳ ತಲೆಯಲ್ಲಿ ಅಂದಿನಿಂದಲೂ ಕೂತಿತ್ತು. "ಸೈಕಲ್ಲು ಹೋಗುವಷ್ಟು ಸೈಕಲ್ಲು, ಹೋಗದ ಕಡೆ ಕಾಲು, ಕೊನೆಗೆ ದೋಣಿ. ಮೂರೇ ದಿನ. ನೀನಿಲ್ಲದೆ ಹೋಗೋದಿಲ್ಲ" ಎಂದಿದ್ದಳು.

ಆ ಮೂರು ದಿನ ಸಿಗುವುದೇ ನನಗೆ ಕಷ್ಟವಿತ್ತು. ನನ್ನ ಗಂಡ ನಾರಾಯಣನಿಗೆ ಪಾರ್ಶ್ವವಾಯು ಬಡಿದು ಮೂರನೆಯ ವರ್ಷ ನಡೆಯುತ್ತಿದೆ. ಬಲಗೈ ಬಲಗಾಲು ಪೂರ್ತಿ ವಶದಲ್ಲಿಲ್ಲ, ಮಾತು ತಡವರಿಸುತ್ತದೆ. ಎಬ್ಬಿಸುವುದು, ಸ್ನಾನ ಮಾಡಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಎಲ್ಲ ನನ್ನ ಹೆಗಲ ಮೇಲೆಯೇ ಆಗಬೇಕು. ಸಿದ್ದಾಪುರದಲ್ಲಿ ಕೆಲಸದಲ್ಲಿರುವ ಮೈದುನ ದಿನೇಶ ರಜೆ ಹಾಕಿ ಬಂದಿದ್ದರಿಂದ ಹೊರಡುವುದಾಯಿತು. ಬಾಗಿಲಲ್ಲಿ ನಾನು ಮತ್ತೆ ಮತ್ತೆ ತಿರುಗಿ ನೋಡುವುದನ್ನು ಕಂಡು ನಾರಾಯಣನೇ ನಮ್ಮ ಹವ್ಯಕ ಮಾತಿನಲ್ಲಿ ಹೇಳಿದ: "ಹೋಗಿ ಬಾರೆ. ಮೂರು ದಿನದಲ್ಲಿ ಯಂಗೆ ಎಂತೂ ಆಗ್ತಿಲ್ಲೆ."

ಸಿರಸಿಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಬಸ್ಸಿನಲ್ಲಿ ಕೂತಾಗ ಈ ರಸ್ತೆಗೆ ಏರಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಬೇಡ್ತಿ ಹೊಳೆಯ ಸೇತುವೆಗೆ ಇಳಿಯುವಾಗ ಗಾಳಿ ಮುಖಕ್ಕೆ ಬಡಿದು ಹಿತವಾಯಿತು. ಅದರ ಸಾಲವನ್ನು ಆಚೆ ದಡದ ಏರು ಬಡ್ಡಿ ಸಮೇತ ವಸೂಲು ಮಾಡಿತು. ಮಂಚಿಕೇರಿಯಲ್ಲಿ ಅವಲಕ್ಕಿ ತಿಂದು ಚಹ ಕುಡಿದೆವು. ಹೋಟೆಲಿನವ "ಯಾವುದಾದ್ರೂ ಹರಕೆಯಾ?" ಎಂದು ಕೇಳಿದ. "ಹರಕೆಯಲ್ಲ, ಹುಚ್ಚು" ಎಂದಳು ಶಮೀಮಾ. ನಾನು ಮನೆಗೆ ಫೋನು ಮಾಡಿದೆ. ಅಣ್ಣ ಗಂಜಿ ಕುಡಿದಿದ್ದಾನೆ ಎಂದ ದಿನೇಶ. ಮತ್ತೆರಡು ಏರು ಹತ್ತಿ ಇನ್ನೊಮ್ಮೆ ಫೋನು ಮಾಡಿದೆ. ಸಿರಸಿ ಮುಟ್ಟಿದಾಗ ಸಂಜೆಯಾಗಿತ್ತು. ಶಮೀಮಾಳ ಚಿಕ್ಕಮ್ಮನ ಮನೆಯಲ್ಲಿ ಬಿಸಿ ಖಿಚಡಿ ಉಂಡಿದ್ದು ನೆನಪಿದೆ, ಆ ಮನೆ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ತೊಡೆಗಳು ಒದ್ದೆ ಮರಳು ತುಂಬಿದ ಚೀಲದಂತಾಗಿದ್ದವು.

ಎರಡನೆಯ ದಿನ ಹೇರೂರಿನ ದಾರಿ ಹಿಡಿದೆವು. ಅಘನಾಶಿನಿ ಎಲ್ಲೋ ಎಡಕ್ಕೆ ಕಾಡಿನೊಳಗೆ ಹರಿಯುತ್ತಿರುತ್ತದೆ, ಕಣ್ಣಿಗೆ ಬೀಳುವುದು ಅಪರೂಪ. ಒಂದು ಸೇತುವೆಯ ಮೇಲೆ ನಿಂತು ಇಣುಕಿದಾಗ ಬಂಡೆಗಳ ನಡುವೆ ಮೊಣಕಾಲು ಮಟ್ಟದ ನೀರು ಕಂಡಿತು. "ಇದೇನಾ?" ಎಂದೆ. "ಇದೇ. ಈಗಿನ್ನೂ ಚಿಕ್ಕವಳು" ಎಂದಳು ಶಮೀಮಾ. ಕೆಳಗಿಳಿದು ಮುಖ ತೊಳೆದುಕೊಂಡಳು. ನಾನು ಮೇಲೆಯೇ ನಿಂತು ಫೋನು ಮಾಡಿದೆ.

ಹೇರೂರು ದಾಟಿದ ಮೇಲಿನ ಏರಿನಲ್ಲಿ ಇಬ್ಬರೂ ಇಳಿದು ಸೈಕಲ್ಲು ನೂಕುತ್ತಿದ್ದೆವು. ನನ್ನ ಫೋನು ರಿಂಗಾಯಿತು. ಮಧ್ಯಾಹ್ನದ ಮಾತ್ರೆ ಊಟಕ್ಕೆ ಮೊದಲೋ ನಂತರವೋ ಎಂದು ದಿನೇಶ ಕೇಳುತ್ತಿದ್ದ. ನಾನು ವಿವರಿಸಿದೆ, ಮತ್ತೆ ವಿವರಿಸಿದೆ, ಮಾತ್ರೆಯ ಚಿತ್ರ ಕಳಿಸು ಎಂದೆ. ಶಮೀಮಾ ಅಷ್ಟೂ ಹೊತ್ತು ಬಿಸಿಲಲ್ಲಿ ನಿಂತಿದ್ದಳು.

"ವಿಜಯಾ, ನೀನು ಮನೆಯನ್ನೇ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಬಂದಿದ್ದೀಯ. ಅದಕ್ಕೇ ಏರು ಹತ್ತುತ್ತಿಲ್ಲ" ಎಂದಳು.

"ನಿನಗೇನು ಗೊತ್ತು? ನಿನ್ನ ಲಾರಿಗೆ ಡ್ರೈವರ್ ಬರದಿದ್ರೆ ಇನ್ನೊಬ್ಬನ್ನ ಕರೀತೀಯ. ನನಗೆ ಯಾರು ಬರ್ತಾರೆ?"

"ದಿನೇಶ ಬಂದಿದ್ದಾನಲ್ಲ."

"ಅವನಿಗೆ ಒಂದು ಮಾತ್ರೆ ಕೊಡಲಿಕ್ಕೆ ಬರೋದಿಲ್ಲ!"

"ಕೊಡಲಿಕ್ಕೆ ಬಿಟ್ಟರೆ ತಾನೇ ಬರೋದು?"

ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಏರನ್ನು ಅವಳಿಗಿಂತ ಮೊದಲು ಹತ್ತಿಬಿಟ್ಟೆ. ಆಮೇಲೆ ಹೆಗ್ಗರಣೆಯ ತನಕ ಅವಳಿಗಾಗಿ ಎಲ್ಲೂ ನಿಲ್ಲಲಿಲ್ಲ. ಅಲ್ಲಿ ಪರಿಚಯದವರ ಅಂಗಡಿಯ ಹಿಂದೆ ಸೈಕಲ್ಲುಗಳನ್ನು ಬಿಟ್ಟೆವು. ಶಮೀಮಾಳ ತಮ್ಮ ಅವನ್ನು ಮರುದಿನ ಪಿಕಪ್ಪಿನಲ್ಲಿ ಒಯ್ಯುವುದೆಂದು ಮೊದಲೇ ಮಾತಾಗಿತ್ತು. ಇಲ್ಲಿಂದ ಕಾಲುದಾರಿ.

ಉಂಚಳ್ಳಿ ಜಲಪಾತಕ್ಕೆ ಹೋಗುವ ದಾರಿ ಕಾಡಿನೊಳಗಿಂದ. ಬಿದ್ದ ಎಲೆಗಳ ಮೇಲೆ ನಮ್ಮಿಬ್ಬರ ಹೆಜ್ಜೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ದೂರದಿಂದ ಗಿರಣಿ ತಿರುಗಿದಂತೆ ನೀರಿನ ಶಬ್ದ ಕೇಳತೊಡಗಿತು. ಮೇಲಿನ ಕಟ್ಟೆಯಿಂದ ನೋಡಿದಾಗ ನದಿ ಒಮ್ಮೆಲೇ ಕಣಿವೆಗೆ ಬಿದ್ದು ಬಿಳಿ ಹೊಗೆಯಾಗಿ ಏಳುತ್ತಿತ್ತು. ಬೆಳಿಗ್ಗೆ ಮೊಣಕಾಲು ಮಟ್ಟ ಇದ್ದ ನೀರು ಇದೇ ಎಂದು ನಂಬುವುದು ಕಷ್ಟ. ಕೆಳಗಿನ ನೋಟಕ್ಕೆ ಮೆಟ್ಟಿಲುಗಳಿವೆ. ಶಮೀಮಾ ಇಳಿದುಹೋದಳು. ಇಳಿದರೆ ಹತ್ತಬೇಕಾಗುತ್ತದೆ ಎಂಬ ಒಂದೇ ಯೋಚನೆಯಿಂದ ನಾನು ಕಟ್ಟೆಯ ಮೇಲೆ ಕೂತೆ. ಪುಣೆಯಿಂದ ಬಂದ ಹುಡುಗಿಯರು ತಮ್ಮ ಫೋಟೋ ತೆಗೆಯಲು ಕೇಳಿದರು. ತೆಗೆದುಕೊಟ್ಟೆ. ನಿಮ್ಮದೂ ತೆಗೆಯೋಣವೇ ಎಂದರು. ಬೇಡವೆಂದೆ.

ನಿಲ್ಕುಂದದಲ್ಲಿ ಲಕ್ಷ್ಮಿ ಎಂಬವರ ಮನೆಯಲ್ಲಿ ಕೋಣೆ ಹೇಳಿಟ್ಟಿದ್ದೆವು. ಗದ್ದೆ ಮಾಡಿಸುವ ಗಟ್ಟಿಗಿತ್ತಿ ಹೆಂಗಸು, ಬಂದವರಿಗೆ ಊಟ ವಸತಿ ಕೊಡುತ್ತಾರೆ. ಅಲ್ಲಿಗೆ ಮುಟ್ಟುವಾಗ ನನ್ನ ಎಡ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದಿತ್ತು. ಬಿಸಿನೀರು, ತಂಬುಳಿ, ಅನ್ನ ಎಲ್ಲ ಸಿಕ್ಕಿತು. ಫೋನಿಗೆ ಸಿಗ್ನಲ್ ಮಾತ್ರ ಸಿಗಲಿಲ್ಲ.

"ಇಲ್ಲಿ ಅದೊಂದು ಇಲ್ಲ ನೋಡಿ. ಆ ಗುಡ್ಡದ ತುದಿಗೆ ಹೋದ್ರೆ ಒಮ್ಮೊಮ್ಮೆ ಸಿಕ್ತದೆ" ಎಂದರು ಲಕ್ಷ್ಮಿ.

ಹೊತ್ತು ಮುಳುಗುವ ಮೊದಲು ಕುಂಟುತ್ತ ಗುಡ್ಡ ಹತ್ತಿದೆ. ಫೋನನ್ನು ಎತ್ತಿ ಹಿಡಿದು ಆಚೆ ಈಚೆ ತಿರುಗಿದೆ. ಒಂದು ಗೆರೆಯೂ ಬರಲಿಲ್ಲ. ಬೆನ್ನ ಹಿಂದೆ ಏದುಸಿರು ಕೇಳಿ ತಿರುಗಿದರೆ ಶಮೀಮಾ. ಪಕ್ಕದ ಕಲ್ಲಿನ ಮೇಲೆ ಕೂತಳು. ಕೆಳಗೆ ಘಟ್ಟದ ಬಾಯಿ, ಅದರಾಚೆ ನೀಲಿಯಾಗುತ್ತ ಹೋಗುವ ಸಾಲುಗುಡ್ಡಗಳು.

"ನಿನ್ನನ್ನ ಯಾಕೆ ಎಳೆದುಕೊಂಡು ಬಂದೆ ಗೊತ್ತಾ?" ಎಂದಳು. "ಮಳೆಗಾಲದಲ್ಲಿ ಒಂದಿನ ಮೆಡಿಕಲ್ ಶಾಪಿನ ಮುಂದೆ ನಿನ್ನ ನೋಡಿದೆ. ಕಂಬಕ್ಕೆ ಒರಗಿ, ನಿಂತಲ್ಲೇ ನಿದ್ದೆ ಮಾಡ್ತಿದ್ದೆ. ಕೈಯಲ್ಲಿ ಔಷಧದ ಚೀಲ. ಜನ ನಿನ್ನ ಸುತ್ತು ಹಾಕಿ ಹೋಗ್ತಿದ್ದರು. ಎಬ್ಬಿಸೋದೋ ಬೇಡವೋ ಅಂತ ನಾನೂ ನಿಂತೇ ಇದ್ದೆ. ನನಗೆ ಅಳು ಬಂತು ಮಾರಾಯ್ತಿ."

ನನಗೆ ಅದು ನೆನಪೇ ಇರಲಿಲ್ಲ. ಕತ್ತಲಾಗುತ್ತಿದೆ, ಇಳಿಯೋಣ ಎಂದೆ. ಇಳಿಯುವಾಗ ಅವಳ ಹೆಗಲ ಮೇಲೆ ಕೈಯಿಟ್ಟೆ. ನೋವಿದ್ದದ್ದು ಹಿಮ್ಮಡಿಯಲ್ಲಿ, ನಿಜ. ಆದರೂ ಅಷ್ಟು ಭಾರ ಹಾಕುವ ಅಗತ್ಯವಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ದೋಸೆ ತಿಂದು ಘಟ್ಟ ಇಳಿದೆವು. ಹಿಮ್ಮಡಿಗೆ ಲಕ್ಷ್ಮಿಯವರು ಹತ್ತಿ ಇಟ್ಟು ಬಟ್ಟೆ ಕಟ್ಟಿದ್ದರು. ಏರಿಗಿಂತ ಇಳಿಜಾರೇ ಮೊಣಕಾಲಿಗೆ ಕಷ್ಟ. ಪ್ರತಿ ತಿರುವಿಗೂ ಸೆಕೆ ಹೆಚ್ಚುತ್ತ ಹೋಯಿತು, ಬೆಳಿಗ್ಗೆ ಹಾಕಿದ್ದ ಸ್ವೆಟರ್ ಸೊಂಟಕ್ಕೆ ಬಂತು. ಬಂಗಣೆಯ ಬಳಿ ನದಿ ಮತ್ತೆ ಸಿಕ್ಕಿತು. ಈಗ ಅದಕ್ಕೆ ಅವಸರವಿರಲಿಲ್ಲ, ಬಂಡೆಗಳನ್ನು ಸುತ್ತಿಕೊಂಡು ಹಸಿರಾಗಿ ಹರಿಯುತ್ತಿತ್ತು. ಅಲ್ಲಿಂದ ಬಸ್ಸು ಹಿಡಿದು ಉಪ್ಪಿನಪಟ್ಟಣಕ್ಕೆ ಬಂದೆವು. ಬಸ್ಸು ಅರ್ಧ ದಾರಿ ಬಂದಿರಬೇಕು, ಫೋನಿಗೆ ಜೀವ ಬಂದು ಒಂದರ ಹಿಂದೊಂದು ಸದ್ದು ಮಾಡತೊಡಗಿತು. ಎಲ್ಲ ದಿನೇಶನ ಕರೆಗಳು.

ಇಳಿದವಳೇ ರಸ್ತೆ ಬದಿಯಲ್ಲಿ ನಿಂತು ಫೋನು ಹಚ್ಚಿದೆ.

"ಅತ್ಗೆ, ಗಾಬರಿ ಆಗಡ" ಎಂದು ಅವನು ಶುರು ಮಾಡಿದ. "ನಿನ್ನೆ ಸಂಜೆ ಅಣ್ಣ ಬಚ್ಚಲ ಹತ್ರ ಬಿದ್ದ. ಹಣೆ ಒಡದು ಹೊಲಿಗೆ ಹಾಕ್ಸಿದ್ದು. ಡಾಕ್ಟ್ರು ಎಲ್ಲ ನೋಡಿದ್ದ, ಬೇರೆ ಎಂತೂ ಇಲ್ಲೆ ಹೇಳಿದ್ದ."

"ನೀನು ಎಲ್ಲಿದ್ದೆ?"

"ಹಾಲು ಕಾಯಸ್ತಿದ್ದಿ. ಕರೆದಿದ್ನೇ ಇಲ್ಲೆ ಅವ."

ನಾನು ಶಮೀಮಾಳ ಮುಖ ನೋಡಿದೆ. ಅವಳಿಗೆ ಅರ್ಥವಾಗಿತ್ತು. ನದಿಯ ಕಡೆ ಬೆರಳು ತೋರಿಸಲಿಲ್ಲ, ದೋಣಿಯ ಮಾತೆತ್ತಲಿಲ್ಲ. "ಕುಮಟೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿ ಬರ್ತೇನೆ" ಎಂದು ಹೊರಟಳು.

ಅಷ್ಟರಲ್ಲಿ ದಿನೇಶ ಫೋನನ್ನು ಅಣ್ಣನ ಕಿವಿಗೆ ಹಿಡಿದಿದ್ದ. ನಾರಾಯಣ ಒಂದೊಂದೇ ಶಬ್ದ ಹುಡುಕಿ ಆಡುತ್ತಾನೆ, ಕಾಯಬೇಕು. ಕಾದೆ.

"ಆನೇ ಎದ್ದಿ" ಎಂದ. ತಾನಾಗಿಯೇ ಎದ್ದನಂತೆ. ಸ್ವಲ್ಪ ಹೊತ್ತು ಬಿಟ್ಟು, "ಬಾಗಿಲ ತನಕ ಆನೇ ನಡದಿ. ಯಾರ ಕೈಯೂ ಹಿಡಿಯದ್ದೇ."

"ಬಿದ್ದು ತಲೆ ಒಡಕೊಂಡಿದ್ದು?" ನನ್ನ ದನಿ ಏರಿತು. "ದಿನೇಶನ್ನ ಕರೀಲಾಗಿತ್ತಲ್ಲ!"

"ಬಿದ್ದಿದ್ದು ವಾಪಸ್ ಬಪ್ಪಕಾರೆ" ಎಂದ. "ಹೋಪಕಾರೆ ಅಲ್ಲ."

ಬಿದ್ದದ್ದು ಮರಳಿ ಬರುವಾಗ, ಹೋಗುವಾಗ ಅಲ್ಲ ಎನ್ನುವ ಅವನ ದನಿಯಲ್ಲಿ ಹೆಮ್ಮೆಯಿತ್ತು. ಮೂರು ವರ್ಷದಲ್ಲಿ ಕೇಳಿರದ ಹೆಮ್ಮೆ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಇಷ್ಟು ದಿನ ನಾನು ಹೊತ್ತ ಭಾರದಲ್ಲಿ ಎಷ್ಟು ಪಾಲು ಅವನದು, ಎಷ್ಟು ಪಾಲು ನಾನೇ ಹೇರಿಕೊಂಡದ್ದು? ನಾನು ಹಿಡಿದುಕೊಂಡಿದ್ದಕ್ಕೇ ಅವನು ನಡೆಯಲಿಲ್ಲವೇ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಮತ್ತೆ ಸಿಟ್ಟು ಬಂತು. ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

"ಈಗಲೇ ಬಪ್ಪಲೆ ಹೋಗಡ" ಎಂದ ನಾರಾಯಣ. "ಸಮುದ್ರ ನೋಡ್ಕಂಡೇ ಬಾ."

ಶಮೀಮಾ ವಾಪಸು ಬಂದು ಬಸ್ಸಿಗೆ ಇನ್ನೂ ಬಹಳ ಹೊತ್ತಿದೆ ಎಂದಳು. ನಾನು ಎದ್ದು ಬ್ಯಾಗು ಹೆಗಲಿಗೇರಿಸಿ ದಡದ ಕಡೆ ನಡೆದೆ. ಧೈರ್ಯ ಮಾಡಿ ಹೀಗೆ ತೀರ್ಮಾನಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಿಸಿಲಲ್ಲಿ ಬಸ್ಸಿಗೆ ನಿಲ್ಲುವ ಶಕ್ತಿ ಕಾಲಿನಲ್ಲಿರಲಿಲ್ಲ. ದೋಣಿಯಲ್ಲಿ ಕೂರಲು ಹಲಗೆಯಿತ್ತು, ಅಷ್ಟೇ.

ದೋಣಿಯ ಮಂಜುನಾಥ ಆ ಕಡೆ ಮೀನು ಹಿಡಿಯುವವನು. ಶಮೀಮಾಳ ಲಾರಿ ಡ್ರೈವರೊಬ್ಬನ ಪರಿಚಯದಿಂದ ಬರಲು ಒಪ್ಪಿದ್ದ. "ಇಳಿತ ಶುರುವಾಗಿದೆ. ನೀರೇ ಎಳ್ಕೊಂಡು ಹೋಗ್ತದೆ, ಮಷೀನು ಹೆಚ್ಚು ಬೇಡ" ಎಂದು ಕೋಲಿನಿಂದ ದಡವನ್ನು ನೂಕಿದ. ಇಷ್ಟು ದೂರ ಬೆನ್ನು ಹತ್ತಿ ಬಂದ ನದಿಯ ಮೇಲೆ ಕೊನೆಗೂ ಕೂತಿದ್ದೆ. ಎರಡೂ ದಡದಲ್ಲಿ ತೆಂಗು, ನೀರಿನ ಮೇಲೆ ಬಾಗಿದ ಮರಗಳು, ಒಂದು ಬೆಳ್ಳಕ್ಕಿ. ಬೆಳ್ಳಕ್ಕಿಯ ತನಕ ನೆನಪಿದೆ.

ಆಮೇಲಿನದನ್ನು ಶಮೀಮಾ ಹೇಳಿ ಗೊತ್ತು. ಉಪ್ಪುನೀರಿನಲ್ಲಿ ಬೇರು ಬಿಟ್ಟ ಕಾಂಡ್ಲದ ಗಿಡಗಳ ನಡುವೆ ಹೋದೆವಂತೆ. ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚಿನ ಚಿಪ್ಪು ಆರಿಸುತ್ತಿದ್ದ ಹೆಂಗಸರು ಮಲಗಿದ ನನ್ನನ್ನು ನೋಡಿ "ಜ್ವರವೇನ್ರೇ?" ಎಂದು ಕೇಳಿದರಂತೆ. ಹೆದ್ದಾರಿಯ ಸೇತುವೆ ತಲೆಯ ಮೇಲೆ ದಾಟಿತಂತೆ. ನದಿ ಎಷ್ಟು ಅಗಲವಾಯಿತೆಂದರೆ ಆಚೆ ದಡದ ಮನುಷ್ಯರು ಇರುವೆಗಳಂತೆ ಕಂಡರಂತೆ. ಮಂಜುನಾಥ ಎರಡು ಸಲ "ಎಬ್ಬಿಸಿ, ಇದನ್ನೇ ನೋಡಲಿಕ್ಕೆ ಬಂದದ್ದಲ್ಲವಾ?" ಎಂದನಂತೆ. ಶಮೀಮಾ ಎರಡು ಸಲವೂ ಬಾಯಿ ಮೇಲೆ ಬೆರಳಿಟ್ಟಳಂತೆ. ತನ್ನ ಓಢಣಿ ಬಿಚ್ಚಿ ನನ್ನ ಮುಖದ ಮೇಲೆ ನೆರಳು ಮಾಡಿ ಹಿಡಿದಿದ್ದಳು. ತಡದಿ ಬಂದರಿನ ದಕ್ಕೆಗೆ ದೋಣಿ ಬಡಿದಾಗ ನಾನು ಎದ್ದದ್ದು. ಅವಳ ತೋಳು ನೋವಿನಿಂದ ನಡುಗುತ್ತಿತ್ತು, ನನ್ನ ತಲೆ ಅವಳ ತೊಡೆಯ ಮೇಲಿತ್ತು. ಎದುರಿಗೆ ನೀರು ಮಾತ್ರ, ಆಚೆಗೆ ಅಲೆಯ ಬಿಳಿ ಗೆರೆ.

"ಮುಗೀತಾ?" ಎಂದೆ.

"ಮುಗೀತು" ಎಂದಳು. "ಚೆನ್ನಾಗಿತ್ತು."

ಬಸ್ಸಿನಲ್ಲಿ ಅಂಕೋಲೆಗೆ ಬಂದು, ಅಲ್ಲಿಂದ ಅವಳ ತಮ್ಮನ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಅರಬೈಲ್ ಘಟ್ಟ ಹತ್ತಿದೆವು. ಮನೆಗೆ ಬಂದಾಗ ನಾರಾಯಣ ಹಣೆಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ. ನೋಡಿದ ಕೂಡಲೇ ಬೈಯಬೇಕೆಂದಿದ್ದೆ. ಅವನೇ ಮೊದಲು ಕೇಳಿದ, ನದಿ ಹೇಗಿತ್ತೆಂದು. ನಿದ್ದೆ ಬಂತು, ನೋಡಲಿಲ್ಲ ಎಂದೆ. ಅವನು ಬಾಯಿ ಒಂದು ಕಡೆ ಸೊಟ್ಟ ಮಾಡಿಕೊಂಡು, ಹಣೆಯ ಹೊಲಿಗೆ ಎಳೆದು ನೋವಾದರೂ ಬಿಡದೆ ನಕ್ಕ. ಆ ರಾತ್ರಿ ಮಲಗುವ ಮೊದಲು ಬಚ್ಚಲಿನ ತನಕ ಗೋಡೆಗುಂಟ ಹಿಡಿದುಕೊಳ್ಳಲು ಬಿದಿರಿನ ಒಂದು ಅಡ್ಡಗೋಲನ್ನು ದಿನೇಶ ಬಿಗಿದುಕೊಟ್ಟ.

ಬೆಳಿಗ್ಗೆ ನನಗೆ ಎಚ್ಚರವಾದದ್ದು ಮಂಚದ ಕಿರುಗುಟ್ಟುವ ಸದ್ದಿಗೆ. ಅಭ್ಯಾಸಬಲದಿಂದ ಅರ್ಧ ಎದ್ದೆ. ಬಿದಿರನ್ನು ಹಿಡಿದ ಸಪ್ಪಳ, ನೆಲಕ್ಕೆ ಎಳೆಯುವ ಬಲಗಾಲು, ನಿಲುಗಡೆ, ಉಸಿರು, ಮತ್ತೆ ಎಳೆಯುವ ಕಾಲು. ಹೊದಿಕೆಯೊಳಗೆ ಎರಡೂ ಕೈ ಮುಷ್ಟಿ ಮಾಡಿಕೊಂಡು ಕೇಳುತ್ತ ಮಲಗಿದೆ. ಬಚ್ಚಲಿನ ಬಾಗಿಲು ತೆರೆಯಿತು, ಮುಚ್ಚಿತು. ವಾಪಸು ಬರುವುದು ಇನ್ನೂ ಬಾಕಿಯಿತ್ತು. ನಾನು ಏಳಲಿಲ್ಲ.