ಪೈಂಟಿನ ಬಾಲ್ದಿಯ ಬಸಳೆ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ, ಹನೀಫಾನ ಬೇಕರಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದು ರವಿಕೆ ಹೊಲಿಯುವ ಕಾಂತಿಗೆ ಅಂಗಳ ಅಂತ ಇರುವುದು ಮೂರು ಹೆಜ್ಜೆಯ ಬಾಲ್ಕನಿ. ಅಲ್ಲಿ ಪೈಂಟಿನ ಖಾಲಿ ಬಾಲ್ದಿಯಲ್ಲಿ ಒಂದು ಬಸಳೆ. ಯಾವುದೋ ಬಸಳೆ ಅಂದುಕೊಳ್ಳಬೇಡಿ. ತೋಡಾರಿನ ಅಮ್ಮನ ಮನೆಯನ್ನು ರಸ್ತೆ ಅಗಲ ಮಾಡಲು ಕೆಡವಿದ ದಿನ, ಜೆಸಿಬಿ ಬಚ್ಚಲಿನ ಹತ್ತಿರ ಬರುವ ಮೊದಲು ಅವಳು ಓಡಿ ಹೋಗಿ ಅಲ್ಲಿನ ಬಸಳೆ ಚಪ್ಪರದಿಂದ ಮುರಿದು ತಂದ ಗೇಣುದ್ದದ ದಂಟು ಅದು. ಅಮ್ಮ ಅದಕ್ಕೂ ಎರಡು ವರ್ಷ ಮೊದಲೇ ತೀರಿಹೋಗಿದ್ದಳು. ಆ ಚಪ್ಪರದ ನೆರಳಲ್ಲೇ ಅಮ್ಮ ಕಾಂತಿಯನ್ನು ಮಣೆಯ ಮೇಲೆ ಕೂರಿಸಿ ತಲೆ ಬಾಚುತ್ತಿದ್ದದ್ದು.

ಮೀನು ತೊಳೆದ ನೀರನ್ನು ಅಮ್ಮ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ, ಎಲ್ಲ ಬಸಳೆಯ ಬುಡಕ್ಕೆ. ಕಾಂತಿಯೂ ಹಾಗೆಯೇ ಮಾಡಿದಳು. ಬೂತಾಯಿ ಮೀನು ತಂದ ದಿನ ಬಸಳೆಗೂ ಊಟ. ಬಳ್ಳಿ ಬಾಲ್ಕನಿಯ ಸರಳು ಹಿಡಿಯಿತು. ಆಮೇಲೆ ಯಾಕೋ ಎಲೆ ಹಳದಿಯಾಗಿ ಉದುರತೊಡಗಿತು. ಪಾಪ, ಹಸಿವೆಯೋ ಏನೋ ಎಂದು ಅವಳು ಇನ್ನಷ್ಟು ಸುರಿದಳು.

ಒಂದು ಬೆಳಿಗ್ಗೆ ಹನೀಫಾ ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದ.

“ಎಂಥದು ಕಾಂತಿಯಕ್ಕ! ಗಿರಾಕಿಗಳು ಪಫ್ಸ್ ಮೂಸಿ ನೋಡ್ತಾರೆ, ಇದರೊಳಗೆ ಬೂತಾಯಿ ಉಂಟಾ ಅಂತ ಕೇಳ್ತಾರೆ ಮಾರಾಯ್ರೆ!”

“ಬಸಳೆಗೆ ಹಾಕಿದ್ದು. ಅಮ್ಮ ಹೀಗೇ ಹಾಕ್ತಿದ್ದದ್ದು.”

ಅವನು ಬಾಲ್ದಿಯನ್ನು ವಾಲಿಸಿದ. ಕಪ್ಪು ನೀರು ಹರಿಯಿತು.

“ತಳಕ್ಕೆ ಒಂದು ತೂತಾದ್ರೂ ಬೇಡ್ವಾ? ನಿಮ್ಮ ಅಮ್ಮನ ಬಸಳೆಗೆ ಕೆಳಗೆ ನೆಲ ಇತ್ತಲ್ಲ ಅಕ್ಕ.”

ಬೇರು ಕೊಳೆತು ಲೋಳೆಯಾಗಿತ್ತು. “ಇನ್ನೊಂದು ಎಲ್ಲಿಂದ ತರಲಿ ನಾನು?” ಎಂದಳು ಕಾಂತಿ.

“ಪೇಟೆಯಲ್ಲಿ ಕಟ್ಟುಗಟ್ಟಲೆ...” ಎನ್ನಹೊರಟವನು ಅವಳ ಮುಖ ನೋಡಿ ಮಾತು ನುಂಗಿದ. “ತುದಿ ಹಸುರು ಉಂಟು. ಕತ್ತರಿ ಕೊಡಿ, ನೋಡುವ.”

ರವಿಕೆಯ ಕತ್ತರಿಯಿಂದಲೇ ಎರಡು ಗಿಣ್ಣಿನ ತುದಿ ಕತ್ತರಿಸಿ ನೀರಿನಲ್ಲಿಟ್ಟರು. ಹನೀಫಾ ಎಣ್ಣೆಯ ಖಾಲಿ ಡಬ್ಬ ತಂದು ಮೊಳೆ ಹೊಡೆದು ಏಳು ತೂತು ಮಾಡಿದ. ಮಣ್ಣಿಗಾಗಿ ಕಾಂತಿ ಮಧ್ಯಾಹ್ನದ ಬಸ್ಸಿನಲ್ಲಿ ತೋಡಾರಿಗೆ ಹೋದಳು. ಮನೆ ಇದ್ದಲ್ಲಿ ಡಾಂಬರು. ಅದರ ಅಂಚಿನಿಂದ ಕೈಚೀಲ ತುಂಬ ಕೆಂಪು ಮಣ್ಣು ಕೆರೆದು ತಂದು, ಡಬ್ಬಕ್ಕೆ ತುಂಬಿ ತುದಿಯನ್ನು ನೆಟ್ಟಳು.

ಹದಿನೆಂಟನೆಯ ದಿನ ಒಂದು ಚಿಗುರು. ಆಮೇಲೆ ಮೂರು ಎಲೆ. ಈಗಲೂ ಬೂತಾಯಿ ತೊಳೆದ ನೀರು ಹಿಡಿದು ಬಾಲ್ಕನಿಯ ಬಾಗಿಲವರೆಗೆ ಬರುತ್ತಾಳೆ, ನೆನಪಾಗಿ ಹಿಂದೆ ಹೋಗುತ್ತಾಳೆ. ಮಧ್ಯಾಹ್ನ ಮೆಷಿನ್ ನಿಲ್ಲಿಸಿ ಡಬ್ಬದ ಪಕ್ಕ ಕೂತು ಕೂದಲು ಬಿಚ್ಚುತ್ತಾಳೆ. ಮೂರೆಲೆಯ ನೆರಳು ಅವಳ ಒಂದು ಪಾದಕ್ಕೂ ಸಾಲದು. ಪಾದವನ್ನು ಅದರೊಳಗೆ ಸರಿಸಿಟ್ಟುಕೊಂಡು, ತಾನೇ ತಲೆ ಬಾಚಿಕೊಳ್ಳುತ್ತಾಳೆ.