ಗುರುಬಾಯಿ ಅಳತೆಯ ಗೋಡೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹೈದರಾಬಾದಿನ ಕೊಂಡಾಪುರದ ಒಂದು ತಿರುವಿನಲ್ಲಿ, ಬೇವಿನ ಮರದ ಕೆಳಗೆ, ಸೊಂಟದೆತ್ತರದ ಇಟ್ಟಂಗಿ ಗೋಡೆಗೆ ಒರಗಿ ಗುರುಬಾಯಿ ನಿಂತಿದ್ದಾರೆ. ಬುತ್ತಿಗಂಟು ಗೋಡೆಯ ಮೇಲೆ, ಕಣ್ಣು ರಸ್ತೆಯ ಮೇಲೆ. ಮೇಸ್ತ್ರಿಯ ಆಟೊ ಕಂಡದ್ದೇ ತಡ, ಸೆರಗು ಬಿಗಿದು ಮುಂದೆ ಬರುತ್ತಾರೆ. ನಾಲ್ಕು ಜನ ಹೆಣ್ಣಾಳು ಬೇಕೆಂದು ಅವನು ತೆಲುಗಿನಲ್ಲಿ ಕೂಗುವಷ್ಟರಲ್ಲಿ ಇವರು ಆಟೊದ ಪಕ್ಕದಲ್ಲೇ ಇರುತ್ತಾರೆ.

ಇದು ದಿನಗೂಲಿಯವರ ಅಡ್ಡಾ. ದಿನಾ ನೂರ ನಲವತ್ತು ಜನ ಇಲ್ಲಿ ಕೆಲಸಕ್ಕೆ ಕಾಯುತ್ತಾರೆ, ಅವರಲ್ಲಿ ಅರವತ್ತು ಹೆಂಗಸರು. ಯಾದಗಿರಿ ಜಿಲ್ಲೆಯ ಸುರಪುರದ ಕಡೆಯಿಂದ ಬಂದ ಗುರುಬಾಯಿಗೆ ಈಗ ನಲವತ್ತಾರು. ಹತ್ತೊಂಬತ್ತು ವರ್ಷದಿಂದ ಇದೇ ತಿರುವು. ಕೆಲವೊಮ್ಮೆ ಮೂರು ತಾಸು ಕಾದರೂ ಆಟೊ ಬರುವುದಿಲ್ಲ.

“ಇಟ್ಟಂಗಿ ಹೊರೋದ ಏನ್ ತ್ರಾಸಲ್ಲರಿ, ರೂಢಿ ಆಗೈತಿ. ನಿಂದರೋದ ಭಾಳ ತ್ರಾಸು. ಕೆಲಸಕ್ಕ ಹೋಗೂಕಿಂತ ಮೊದಲ ಮೊಣಕಾಲ ಸೋತಿರತಾವ” ಎನ್ನುತ್ತಾರೆ ಅವರು.

ಹೋದ ವರ್ಷ ಆ ನಿಲ್ಲುವ ಜಾಗಕ್ಕೇ ಕುತ್ತು ಬಂತು. ಜನ ರಸ್ತೆಗೆ ಬರುತ್ತಾರೆ, ಶಾಲೆಯ ಬಸ್ಸು ತಿರುಗಲು ಆಗುವುದಿಲ್ಲ, ಅಡ್ಡಾವನ್ನು ಊರಾಚೆ ಹಾಕಿ ಎಂದು ಎದುರಿನ ಅಪಾರ್ಟ್‌ಮೆಂಟಿನವರು ಪಟ್ಟು ಹಿಡಿದರು. ಊರಾಚೆ ಎಂದರೆ ಹನ್ನೊಂದು ಕಿಲೋಮೀಟರು. ನಸುಕಿನಲ್ಲಿ ಅಲ್ಲಿಗೆ ಬಸ್ಸಿಲ್ಲ. ಅಡ್ಡಾ ಅಲ್ಲಿಗೆ ಹೋದರೆ ಈ ಅರವತ್ತು ಹೆಂಗಸರ ದುಡಿಮೆ ನಿಂತಂತೆಯೇ. ಅದೇ ಹೊತ್ತಿಗೆ ಆರ್ಕಿಟೆಕ್ಚರ್ ಓದುವ ಎಂಟು ಹುಡುಗ ಹುಡುಗಿಯರು, ಇಲ್ಲಿಯವರ ಜತೆ ಕೂತು ಈ ಜಾಗವನ್ನು ಸರಿಮಾಡುತ್ತೇವೆಂದು ಮುಂದೆ ಬಂದರು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ, ಕನ್ನಡದವರೇ ಆದ ಅಂಬಾದಾಸ ಒಂದೇ ಷರತ್ತು ಹಾಕಿದರು: ಮೂರು ತಿಂಗಳಲ್ಲಿ ಜನ ರಸ್ತೆ ಬಿಟ್ಟು ಬದಿಗೆ ನಿಂತರೆ ಸರಿ, ಇಲ್ಲವಾದರೆ ಎತ್ತಂಗಡಿ.

ಏನು ಬೇಕೆಂದು ಈ ಕಾಲೇಜು ಮಕ್ಕಳು ಕೇಳಿದರು. ಕೂಡಾಕ ಜಾಗಾ ಬೇಕು ಎಂದರು ಎಲ್ಲರೂ. ಗುರುಬಾಯಿಯೂ ಹಾಗೇ ಅಂದಿದ್ದರು! ಸರಿ, ಮರದ ಸುತ್ತ ಆರು ಬಿದಿರಿನ ಬೆಂಚು ಬಂದವು. ಒಂದು ವಾರ ಕಳೆಯಿತು. ಒಬ್ಬರೂ ಕೂರಲಿಲ್ಲ, ರಸ್ತೆಯನ್ನೂ ಬಿಡಲಿಲ್ಲ. “ಬೆಂಚ್ ಮ್ಯಾಲೆ ಕುಂತಿದ್ದು ನಾವಷ್ಟೇ, ಮುಖ ಸಪ್ಪಗ ಮಾಡ್ಕೊಂಡು” ಎಂದು ನಗುತ್ತಾಳೆ ಕಲಬುರಗಿ ಮೂಲದ ವಿದ್ಯಾರ್ಥಿನಿ ಮೃಣಾಲಿನಿ. ಕೊನೆಗೆ ಆಕೆಯೇ ಗುರುಬಾಯಿಯ ಹತ್ತಿರ ಹೋಗಿ, “ಅಕ್ಕಾ, ನಮ್ಮಿಂದ ತಪ್ಪೇನಾತು, ಹೇಳಿಬಿಡ್ರಿ” ಎಂದು ಕೇಳಿದಳು.

ಗುರುಬಾಯಿಯ ಉತ್ತರ ಕೇಳಿ ನನಗೇ ತಲೆತಗ್ಗಿಸುವಂತಾಯಿತು. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ ನನಗೆ ಹೊಳೆಯದ ಮಾತದು. “ಕುಂತಾಕಿನ್ನ ಯಾವ ಮೇಸ್ತ್ರಿ ಕರೀತಾನ ತಂಗಿ? ಕುಂತಾಳ ಅಂದ್ರ ದಣದಾಳ, ಇಲ್ಲಾ ಮುದುಕಿ ಆಗ್ಯಾಳ ಅಂತ ಅಂವನ ಎಣಿಕಿ. ನಾವ್ ಬಾಯಿಲೆ ಕೂಡಾಕ ಬೇಕಂದ್ವಿ ಖರೆ. ಆದ್ರ ನಿಂತಂಗ ಕಾಣಬೇಕು, ಕಾಲಿಗೆ ಆರಾಮ ಸಿಗಬೇಕು. ಅಂಥಾದ್ದ ಮಾಡ್ರಿ.”

ಅಲ್ಲಿಂದ ಗುರುಬಾಯಿ ಟೀಚರು, ಮಕ್ಕಳು ವಿದ್ಯಾರ್ಥಿಗಳು. ಎತ್ತರ ಗೊತ್ತಾಗುವ ತನಕ ಸಿಮೆಂಟು ಮುಟ್ಟಬೇಡಿ ಎಂದರು. ಬರಿ ಇಟ್ಟಂಗಿಯನ್ನು ಅಗಲವಾಗಿ ಒಟ್ಟಿ, ದಿನಕ್ಕೊಂದು ಸಾಲು ಏರಿಸಿ, ಹೆಂಗಸರನ್ನೆಲ್ಲ ಒರಗಿಸಿ ಕೇಳಿದರು. ಎಂಟು ಸಾಲಿಗೆ ಗಿಡ್ಡವಾಯಿತು, ಹನ್ನೆರಡಕ್ಕೆ ಬೆನ್ನು ಚುಚ್ಚಿತು. ಹತ್ತಕ್ಕೆ ಎಲ್ಲರೂ “ಹಾಂ, ಇದs ನೋಡ್ರಿ” ಎಂದರು. ಮರದ ಸುತ್ತ ಗೋಲಾಗಿ ಕಟ್ಟಬೇಡಿ, ಆಟೊ ಬರುವುದು ಕಾಣಬೇಕು, ರಸ್ತೆಗೆ ಮುಖ ಮಾಡಿ ಎಂದೂ ತಾಕೀತು ಮಾಡಿದರು. ಮೃಣಾಲಿನಿಯ ನಕ್ಷೆಯಲ್ಲಿ ಆ ಎತ್ತರದ ಪಕ್ಕ ಅಂಕಿಯಿಲ್ಲ, ‘ಗುರುಬಾಯಿ ಅಳತೆ’ ಎಂದಷ್ಟೇ ಇದೆ.

ಮೂರು ತಿಂಗಳ ಕೊನೆಯ ಸೋಮವಾರ ಅಂಬಾದಾಸ ವಾರ್ಡಿನ ಎಂಜಿನಿಯರನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದು ನಿಂತರು. ನೂರ ನಲವತ್ತು ಜನರೂ ಗೋಡೆಗುಂಟ ಒರಗಿದ್ದರು. ಶಾಲೆಯ ಬಸ್ಸು ಹಾರನ್ ಕೂಡ ಹಾಕದೆ ಒಂದೇ ಸಲಕ್ಕೆ ತಿರುಗಿತು. ಎತ್ತಂಗಡಿಯ ಮಾತು ಅಲ್ಲಿಗೇ ಮುಗಿಯಿತು. ಮುಂದಿನ ತಿಂಗಳು ಗೋಡೆಗೆ ಸಿಮೆಂಟು ಬಿತ್ತು. “ಸಂಜೀ ವಾಕಿಂಗ್ ಆದಮೇಲೆ ನಾನೂ ಅಲ್ಲೇ ಒರಗತೀನ್ರಿ, ಮೊಣಕಾಲ ನಂಗೂ ಅದಾವಲ್ಲ” ಎನ್ನುತ್ತಾರೆ ಈಗ ಅಂಬಾದಾಸ.

ನಾನೂ ಒರಗಿ ನೋಡಿದೆ. ಆಹಾ, ಎಷ್ಟು ಹಿತ! ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಈ ಮಹಾನಗರಕ್ಕೆ ಇದನ್ನು ಕೊಟ್ಟಿದ್ದಾಳೆಂದು ಎದೆಯುಬ್ಬಿತು, ಅದನ್ನು ಮುಚ್ಚಿಡುವುದೇಕೆ? ಗುರುಬಾಯಿಗೆ ಆ ಮಾತು ಹೇಳಿದರೆ ನಾಚಿ ಸೆರಗು ಬಾಯಿಗೆ ಹಿಡಿಯುತ್ತಾರೆ. ಆಮೇಲೆ ಸುತ್ತಲ ಎತ್ತರದ ಕಟ್ಟಡಗಳತ್ತ ಕೈ ತೋರಿಸುತ್ತಾರೆ.

“ಇವಕ್ಕೆಲ್ಲಾ ಇಟ್ಟಂಗಿ ಹೊತ್ತೀನ್ರಿ. ಕಟ್ಟಿ ಮುಗದ ಮ್ಯಾಲ ಒಂದರಾಗೂ ಒಳಗ ಬಿಟ್ಟಿಲ್ಲ. ಈ ಗ್ವಾಡಿಗೆ ಮಾತ್ರ ದಿನಾ ಬಂದು ಒರಗತೀನಿ. ಇಲ್ಲ್ಯಾಕ ನಿಂತೀ ಅಂತ ಯಾರೂ ಕೇಳಂಗಿಲ್ಲ.”