ಕಣ್ಣಿಗೆ ಹೊಡೆಯೋ ಲೈಟು

ಮನೆ, ಅಂಗಡಿಗಳಿಗೆ ಲೈಟಿನ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಮದಕರಿಪುರದ ಈರಮ್ಮನವರು ಮಾತ್ರ ನನ್ನನ್ನು ಕರೆಸಿದ್ದು ಕುರಿ ಕೂಡುವ ರೊಪ್ಪಕ್ಕೆ. ಎರಡು ಸಲ ಕುರಿ ಕಳುವಾಗಿದ್ದರಿಂದ ಅವರು ಯಾರನ್ನೂ ನಂಬುತ್ತಿರಲಿಲ್ಲ. ನನ್ನ ಚೀಲ ಬಿಚ್ಚಿಸಿ ನೋಡಿಯೇ ಒಳಗೆ ಬಿಟ್ಟರು.

ರೊಪ್ಪದ ಪಕ್ಕದ ಗೇಟಿನ ಕಂಬದ ಮೇಲೆ ದೊಡ್ಡ ಫ್ಲಡ್‌ಲೈಟೊಂದು ಮನೆಯ ಕಡೆ ಮುಖ ಮಾಡಿ, ಸಂಜೆ ಬೆಳಕಿರುವಾಗಲೇ ಉರಿಯುತ್ತಿತ್ತು. "ಇಂಥದ್ದೇ ಇನ್ನೊಂದು ಹಾಕ್ರಿ" ಅಂದರು.

"ಬ್ಯಾಡಮ್ಮ. ಇದು ಕಣ್ಣಿಗೆ ಹೊಡಿತೈತೆ, ಹಿಂದೆ ನಿಂತೋರು ಕಾಣಲ್ಲ. ಇದನ್ನೇ ನೆಲದ ಕಡೆ ತಿರುಗಿಸಿ ಬೆಳಕು ಕಮ್ಮಿ ಮಾಡಾಣ."

"ಬೆಳಕು ಕಮ್ಮಿಯಾದ್ರೆ ಜಾಸ್ತಿ ಕಾಣ್ತೈತಾ? ಹಿಂಗನ್ನು ಅಂತ ನಿಮಗೆ ಯಾರು ಹೇಳಿ ಕಳಿಸಿದ್ರು?" ಅವರ ದನಿ ಗಡುಸಾಯಿತು.

ವಾದ ಬೇಡವೆಂದು ಕತ್ತಲಾಗುವವರೆಗೆ ಕಾದೆ. ಅವರನ್ನು ಜಗಲಿಯ ಮೇಲೆ ಕೂರಿಸಿ, ನಾನು ಕಂಬದ ಹಿಂದೆ ಹೋಗಿ ನಿಂತು, "ಎಲ್ಲಿದೀನಿ ಹೇಳ್ರಿ" ಅಂದೆ. ಹಣೆಗೆ ಕೈ ಅಡ್ಡ ಹಿಡಿದು ಹುಡುಕಿದರು. ಕಾಣಲಿಲ್ಲ. ಏಣಿ ಹತ್ತಿ ದೀಪದ ಮುಖ ನೆಲಕ್ಕೆ ಬಗ್ಗಿಸಿ, ಬೆಳಕು ಕಮ್ಮಿ ಮಾಡಿ, ಮತ್ತೆ ಅಲ್ಲೇ ನಿಂತೆ. ಈ ಸಲ ಅವರೇ ಕೂಗಿದರು: "ಕಾಣ್ತೀರಿ! ಹಿಂದಿನ ಬೇಲಿನೂ ಕಾಣ್ತೈತೆ!"

ಗೆದ್ದೆ ಅಂದುಕೊಂಡೆ. ಈರಮ್ಮ ಜಗಲಿ ಇಳಿದು ಬಂದು ನನ್ನ ಮುಖವನ್ನೇ ದಿಟ್ಟಿಸಿದರು.

"ಅದ್ಸರಿ, ಕಳ್ಳ ಎಲ್ಲಿ ನಿಂತ್ಕಂತಾನೆ ಅಂತ ನಿಮಗೆಂಗ್ ಗೊತ್ತು?"

ಓದಿದ್ದು ಅಂದೆ. ನಂಬಲಿಲ್ಲ. ನಾನು ಬೈಕು ಹತ್ತಿದರೂ ಗೇಟು ತೆಗೆಯದೆ, ರೊಪ್ಪಕ್ಕೆ ಹೋಗಿ ಕುರಿಗಳನ್ನು ಒಂದೊಂದಾಗಿ ಎಣಿಸಿದರು. ಹೊಸ ಬೆಳಕಿನಲ್ಲಿ ಎಣಿಕೆ ಬೇಗ ಮುಗಿಯಿತು ಅನ್ನೋದೊಂದೇ ನನ್ನ ಸಮಾಧಾನ.